ಬೆಂಚಿಗೆ ಕಂಬಿ ಬೇಡ ಸ್ವಾಮಿ

ಬೆಂಗಳೂರಿನ ಜಯನಗರದಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಪಾರ್ಕಿನ ಬೆಂಚುಗಳು ಸೋಮಾರಿಕಟ್ಟೆಗಳಾಗಿವೆ. ಮಧ್ಯಾಹ್ನ ಯಾರ್‍ಯಾರೋ ಬಂದು ಮಲಗುತ್ತಾರೆ. ಬೆಂಚಿನ ನಡುವೆ ಕಬ್ಬಿಣದ ಕಂಬಿ ಹಾಕಿಸಬೇಕೆಂದು ನಿಮ್ಮ ಪತ್ರಿಕೆ ಒತ್ತಾಯಿಸಲಿ.’

ಸ್ವಾಮಿ, ವಾಕಿಂಗ್ ಮುಗಿಸಿದ ಮಂಡಿಗೆ ಕೂರಲು ಜಾಗ ಬೇಕು, ನಿಜ. ಆದರೆ ಕಂಬಿಗೆ ಮಾತ್ರ ನನ್ನ ಸಹಿ ಸಿಗುವುದಿಲ್ಲ.

ಆ ಮಲಗಿದವರನ್ನು ಒಮ್ಮೆ ಮಾತಾಡಿಸಿದ್ದೀರಾ? ನಮ್ಮ ಪಾರ್ಕಿನಲ್ಲಿ ನಾನು ಮಾತಾಡಿಸಿದ್ದೇನೆ. ಒಬ್ಬ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿ. ರೂಮಿನಲ್ಲಿ ಆರು ಜನ, ಆ ಹೊತ್ತಿಗೆ ಚಾಪೆ ಬೇರೆಯವನದು. ಇನ್ನೊಬ್ಬ ಮನೆ ಮನೆಗೆ ಊಟ ತಲುಪಿಸುವ ಹುಡುಗ. ಬ್ಯಾಗೇ ದಿಂಬು, ಮೊಬೈಲು ಎದೆ ಮೇಲೆ. ಇವರು ಸೋಮಾರಿಗಳಾದರೆ ಫ್ಯಾನಿನ ಕೆಳಗೆ ಕೂತು ಪತ್ರ ಬರೆಯುವ ನಿಮಗೆ, ಉತ್ತರ ಬರೆಯುವ ನನಗೆ ಏನು ಹೆಸರಿಡೋಣ?

ಕಂಬಿಯ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಲಂಡನ್‌ನಲ್ಲಿ ನೋಡಬಹುದು. 2012ರಲ್ಲಿ ಅಲ್ಲಿನ ಕ್ಯಾಮ್ಡನ್‌ನಲ್ಲಿ ಒಂದು ಕಾಂಕ್ರೀಟ್ ಬೆಂಚು ಬಂತು. ಎಲ್ಲ ಕಡೆ ಇಳಿಜಾರು. ಮಲಗಲಾಗದು, ಸ್ಕೇಟ್‌ಬೋರ್ಡ್ ಓಡಿಸಲಾಗದು. ಜಾಸ್ತಿ ಹೊತ್ತು ಕೂರುವುದೂ ಕಷ್ಟ! ಅದೇ ನ್ಯೂಯಾರ್ಕ್‌ನಲ್ಲಿ ವಿಲಿಯಂ ವೈಟ್ ಎಂಬಾತ 1970ರ ದಶಕದಲ್ಲಿ ಕಟ್ಟಡಗಳ ಮುಂದಿನ ಬಯಲುಗಳಿಗೆ ಕ್ಯಾಮೆರಾ ಇಟ್ಟು, ಜನ ಎಲ್ಲಿ ಸೇರುತ್ತಾರೆ ಅಂತ ನೋಡಿದ. ಕೂರಲು ಜಾಗ ಇರುವಲ್ಲಿ ಸೇರುತ್ತಾರಂತೆ. ಇದಕ್ಕೆ ಕ್ಯಾಮೆರಾ ಬೇಕಿತ್ತಾ, ನಮ್ಮಜ್ಜಿಯನ್ನು ಕೇಳಿದ್ದರೆ ಸಾಕಿತ್ತು. ಆದರೆ ಅಲ್ಲಿನ ಆಡಳಿತ ಕೇಳಿಸಿಕೊಂಡಿತು. ಅಂಥ ಬಯಲಿನಲ್ಲಿ ಪ್ರತಿ 30 ಚದರಡಿಗೆ ಒಂದಡಿ ಉದ್ದದ ಕೂರುವ ಜಾಗ ಇರಲೇಬೇಕೆಂದು 1975ರಲ್ಲಿ ನಿಯಮವನ್ನೇ ಮಾಡಿತು.

ನಮಗೂ ಅರಳಿಕಟ್ಟೆ ಇತ್ತಲ್ಲ ಎನ್ನುತ್ತೀರಿ. ಇತ್ತು. ಆದರೆ ಅದರ ಮೇಲೆ ಎಲ್ಲರೂ ಕೂರುವಂತಿರಲಿಲ್ಲ. ನಮ್ಮೂರಲ್ಲಿ ಯಾರು ಕಟ್ಟೆ ಮೇಲೆ, ಯಾರು ಕೆಳಗೆ ಅಂತ ಹುಡುಗರಿಗೂ ಗೊತ್ತಿತ್ತು. ಪಾರ್ಕಿನ ಕಲ್ಲುಬೆಂಚು ಯಾವ ಜಾತಿ ಅಂತ ಕೇಳಿಲ್ಲ. ಅದಕ್ಕೇ ನನಗೆ ಅದರ ಮೇಲೆ ಇಷ್ಟು ಮಮಕಾರ.

ಕೆಲಸ ಹುಡುಕಿ ಈ ಊರಿಗೆ ಬಂದ ದಿನ ಸಂದರ್ಶನಕ್ಕೆ ಮೂರು ಗಂಟೆ ಬಾಕಿ ಇತ್ತು. ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂತು ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿದೆ. ಪಕ್ಕದಲ್ಲಿದ್ದ ಯಜಮಾನರೊಬ್ಬರು ಪೇಪರಿನಿಂದ ತಲೆ ಎತ್ತದೆ, ‘ತಮ್ಮಾ, ಗಲ್ಲಕ್ಕೆ ಅರಿಶಿನ ಮೆತ್ತಿದೆ’ ಅಂದರು. ಕೆಲಸ ಸಿಕ್ಕಿತು. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ.

ಇವತ್ತು ಆ ಹುಡುಗ ಬಂದರೆ ಎಲ್ಲಿ ಕೂರಬೇಕು? ಮಾಲಿನಲ್ಲಿ ಕೂರಬೇಕಾದರೆ ಕಾಫಿ ಕೊಳ್ಳಬೇಕು. ಎಷ್ಟೋ ಬಸ್ ತಂಗುದಾಣಗಳಲ್ಲಿ ಜಾಹೀರಾತಿಗೆ ದೀಪ ಇದೆ, ಕೂರಲು ಜಾರುವ ಉಕ್ಕಿನ ಪೈಪು. ಫುಟ್‌ಪಾತಂತೂ ಬೈಕುಗಳ ಪಾಲು. ಸುಮ್ನೆ ಕೂತವನನ್ನು ಕಂಡರೆ ಈ ಊರಿಗೆ ಯಾಕೋ ಅನುಮಾನ.

ನಿಮ್ಮ ಪಾರ್ಕಿಗೆ ಇನ್ನೂ ನಾಲ್ಕು ಬೆಂಚು ಬೇಕೆಂದು ಒಂದು ಪತ್ರ ಬರೆಯಿರಿ. ನೆರಳಲ್ಲಿರಲಿ, ಬೆನ್ನಿಗೆ ಒರಗು ಇರಲಿ ಅಂತಲೂ ಸೇರಿಸಿ. ಮೊದಲ ಪುಟದಲ್ಲೇ ಹಾಕುತ್ತೇನೆ.