ಬೆಲ್ಟ್ ಹೊಸದು ಹಾಕಿದರೂ ಮುಂಜಾನೆ ಕಿರುಚುವುದು ನಿಂತಿಲ್ಲ, ಮುಂದೇನು ನೋಡಬೇಕು?

ಜಮಖಂಡಿ ಕಡೆಯ ನಿಮ್ಮ ಡೀಸೆಲ್ ಕಾರು ಮುಂಜಾನೆ ಚಾಲೂ ಮಾಡಿದ ಕೂಡಲೇ ಒಂದೆರಡು ನಿಮಿಷ ಕಿರುಚುತ್ತದೆ, ಎಸಿ ಹಾಕಿದರೆ ಮತ್ತೆ ಶುರುವಾಗುತ್ತದೆ, ಎರಡು ತಿಂಗಳ ಹಿಂದೆ ಫ್ಯಾನ್ ಬೆಲ್ಟ್ ಬದಲಿಸಿದರೂ ಹೋಗಿಲ್ಲ, ಗ್ಯಾರೇಜಿನವರು ಇನ್ನೊಂದು ಬೆಲ್ಟ್ ಹಾಕೋಣ ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಸದ್ಯಕ್ಕೆ ಬೆಲ್ಟ್ ತರಬೇಡಿ. ಇಷ್ಟು ಬೇಗ ಹೊಸ ಬೆಲ್ಟ್ ಕೂಗುತ್ತಿದೆ ಅಂದರೆ ಅದನ್ನು ಕೂಗಿಸುತ್ತಿರುವುದು ಹೆಚ್ಚಾಗಿ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್ ಇಲ್ಲವೇ ಬೆಲ್ಟ್ ಸುತ್ತುವ ಯಾವುದಾದರೂ ಪುಲ್ಲಿ.

ನೀವು ಹೇಳಿದ ಎರಡೂ ಹೊತ್ತು ಬೆಲ್ಟಿನ ಮೇಲೆ ಹೊರೆ ಬೀಳುವ ಹೊತ್ತೇ. ಸೆಲ್ಫ್ ಹೊಡೆದಾಗ, ಡೀಸೆಲ್ ಎಂಜಿನ್ ತಣ್ಣಗಿದ್ದಾಗ ಬಿಸಿ ಮಾಡುವ ಗ್ಲೋ ಪ್ಲಗ್ ಕಾದಾಗ ಬ್ಯಾಟರಿಯಿಂದ ಹೋದ ಕರೆಂಟನ್ನು ಆಲ್ಟರ್ನೇಟರ್ ಮರಳಿ ತುಂಬಬೇಕು, ಹಾಗಾಗಿ ಮೊದಲ ನಿಮಿಷಗಳಲ್ಲಿ ಅದರ ಪುಲ್ಲಿ ಬೆಲ್ಟನ್ನು ಜೋರಾಗಿ ಜಗ್ಗುತ್ತದೆ. ಎಸಿ ಹಾಕಿದಾಗ ಕಂಪ್ರೆಸರ್ ಜಗ್ಗುತ್ತದೆ. ಹೊರೆ ಬಿದ್ದಾಗಷ್ಟೇ ಎಳೆದು ಕಿರುಚಿದರೆ ಬೆಲ್ಟ್ ಜಾರುತ್ತಿದೆ ಎಂದು ತಿಳಿಯಿರಿ. ‘ಚಿಂವ್ ಚಿಂವ್’ ಎಂದು ತಾಳ ಹಾಕಿದಂತೆ ಬಂದು, ಎಂಜಿನ್ ವೇಗದ ಜೊತೆ ತಾಳವೂ ಏರಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ‘ಗರ್ರ್’ ಎಂದು ಒರಟಾಗಿ, ಹೊರೆ ಇರಲಿ ಬಿಡಲಿ ಬರುತ್ತಲೇ ಇದ್ದರೆ ಬೇರಿಂಗ್ ಹೋಗಿದೆ.

ಅನುಮಾನ ಇದ್ದರೆ ನೀರಿನ ಪರೀಕ್ಷೆ ಮಾಡಿ. ಸಪ್ಪಳ ಬರುತ್ತಿರುವಾಗಲೇ ಉದ್ದ ಮೂತಿಯ ಬಾಟಲಿಯಿಂದ ಬೆಲ್ಟಿನ ಗೆರೆಗಳಿರುವ ಬದಿಗೆ ನಾಲ್ಕೈದು ಹನಿ ಬಿಡಿ. ತುಸು ಹೊತ್ತು ಸುಮ್ಮನಾಗಿ ಮತ್ತೆ ಬಂದರೆ ಪುಲ್ಲಿಯ ಸಾಲು ತಪ್ಪಿದೆ. ಇನ್ನೂ ಜೋರಾದರೆ ಬಿಗಿ ಸಾಲದು. ಬದಲಾಗದಿದ್ದರೆ ಬೇರಿಂಗ್ ಕಡೆ ನೋಡಿ. ಹೆಗಲ ಮೇಲಿನ ಟವೆಲ್, ಸಡಿಲ ತೋಳು ದೂರವಿರಲಿ. ಬೆಲ್ಟಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಈಗ ಎಂಜಿನ್ ಬಂದ್ ಮಾಡಿ ಬೆಲ್ಟಿನ ಬೆನ್ನ ಮೇಲಿನ ನಂಬರ್ ಓದಿ. 6ಪಿಕೆ1750 ಎಂದಿದ್ದರೆ ಆರು ಗೆರೆ, 1750 ಮಿ.ಮೀ. ಉದ್ದ. ನಿಮ್ಮ ಗಾಡಿಯ ಅಳತೆಗಿಂತ ಹತ್ತು ಹದಿನೈದು ಮಿ.ಮೀ. ಉದ್ದದ್ದು ಹಾಕಿದ್ದರೂ ಟೆನ್ಷನರ್ ತನ್ನ ಗುರುತಿನಿಂದಾಚೆ ಹೋಗಿ ಬಿಗಿ ಕಳೆದುಕೊಳ್ಳಬಹುದು. ಪ್ರತಿ ಪುಲ್ಲಿಯ ಅಂಚನ್ನೂ ಟಾರ್ಚ್ ಹಿಡಿದು ನೋಡಿ, ಒಂದು ಗೆರೆ ಹೊರಗೆ ಕೂತಿರುವುದು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಟೆನ್ಷನರಿನ ತೋಳಿಗೆ ಪಾನಾ ಹಾಕಿ ಪೂರ್ತಿ ತಿರುಗಿಸಿ ನಿಧಾನವಾಗಿ ಬಿಡಿ. ನಯವಾಗಿ ಹೋಗಿ ಬಲವಾಗಿ ವಾಪಸ್ ಬರಬೇಕು. ತಡೆ ತಡೆದು ಬಂದರೆ, ಎಂಜಿನ್ ಓಡುವಾಗ ತೋಳು ದೊಡ್ಡದಾಗಿ ಕುಣಿದರೆ, ಟೆನ್ಷನರ್ ಬದಲಿಸದೆ ದಾರಿಯಿಲ್ಲ. ನಿಮ್ಮ ಲಕ್ಷಣ ಕೇಳಿದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಬೆಲ್ಟ್ ತೆಗೆಯುವ ಮುನ್ನ ಅದು ಹೋಗುವ ದಾರಿಯ ಫೋಟೊ ತೆಗೆದುಕೊಂಡು, ಬ್ಯಾಟರಿಯ ಮೈನಸ್ ಬಿಚ್ಚಿ. ತೆಗೆದ ಮೇಲೆ ಒಂದೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ, ಅಲ್ಲಾಡಿಸಿ. ಸರಿಯಿರುವ ಐಡ್ಲರ್, ಅಂದರೆ ಏನನ್ನೂ ಓಡಿಸದೆ ಬೆಲ್ಟಿಗೆ ದಾರಿ ತೋರುವ ಪುಲ್ಲಿ, ಗ್ರೀಸಿನ ಮೆತ್ತನೆಯ ಹಿಡಿತದಲ್ಲಿ ಸದ್ದಿಲ್ಲದೆ ತಿರುಗಿ ಬೇಗ ನಿಲ್ಲುತ್ತದೆ. ಸರ್ರನೆ ಬಹಳ ಹೊತ್ತು ತಿರುಗುತ್ತಿದ್ದರೆ ಗ್ರೀಸ್ ಒಣಗಿದೆ, ಅದನ್ನು ಒಳ್ಳೆಯ ಗುರುತು ಅಂದುಕೊಳ್ಳಬೇಡಿ. ಡೀಸೆಲ್ ಗಾಡಿಗಳ ಆಲ್ಟರ್ನೇಟರಿನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಪುಲ್ಲಿ ಇರುವುದುಂಟು. ಆಲ್ಟರ್ನೇಟರಿನೊಳಗೆ ತಿರುಗುವ ರೋಟರನ್ನು ಅಲುಗದಂತೆ ಹಿಡಿದು ಪುಲ್ಲಿ ತಿರುಗಿಸಿದರೆ ಅದು ಒಂದು ಕಡೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆ ಹಿಡಿಯಬೇಕು. ಎರಡೂ ಕಡೆ ಹಿಡಿದರೂ, ಎರಡೂ ಕಡೆ ಜಾರಿದರೂ ಕೆಟ್ಟಿದೆ. ಇದು ಕೆಟ್ಟರೆ ಎಂಜಿನ್ನಿನ ಜರ್ಕೆಲ್ಲ ಬೆಲ್ಟಿಗೆ ಬಂದು ಹೊಸ ಟೆನ್ಷನರೂ ಹೆಚ್ಚು ದಿನ ಬಾಳುವುದಿಲ್ಲ. ಬೆಲ್ಟನ್ನು ಓಡಿಸುವ ಕೆಳಗಿನ ಕ್ರ್ಯಾಂಕ್ ಪುಲ್ಲಿಯ ನಡುವಿನ ರಬ್ಬರ್ ಬಿಟ್ಟು ಹೊರಗಿನ ಬಳೆ ಓಲಾಡುತ್ತಿದೆಯೇ ಎಂದೂ ನೋಡಿ. ‘ಚಿಂವ್ ಚಿಂವ್’ ಬರಲು ಅದೊಂದೇ ಸಾಕು.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳ ಹಿಂದೆ ಎರೆಮಣ್ಣಿನ ದೂಳಿನಲ್ಲಿ ಓಡಿದ ಗಾಡಿಯ ಪುಲ್ಲಿಯ ಸಂದುಗಳಲ್ಲಿ ದೂಳು ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಹೊಸ ಬೆಲ್ಟ್ ಹಾಕಿದರೆ ಗೆರೆಗಳು ತಳದವರೆಗೆ ಕೂರುವುದಿಲ್ಲ. ಹಳೆ ಹಲ್ಲುಜ್ಜುವ ಬ್ರಷ್, ಬ್ರೇಕ್ ಕ್ಲೀನರ್ ಹಿಡಿದು ತಿಕ್ಕಿ ಒರೆಸಿ. ಬೆಲ್ಟನ್ನು ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ ಅಥವಾ ಕೂಲೆಂಟ್ ಕುಡಿದ ಬೆಲ್ಟ್ ತೊಳೆದರೂ ಉಪಯೋಗವಿಲ್ಲ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಹೊಸದು ಹಾಕಿ. ಬೆಲ್ಟಿಗೆ ಹೊಡೆಯುವ ಸ್ಪ್ರೇ, ಮೇಣ, ಸಾಬೂನಿನ ತುಂಡು ಯಾವುದನ್ನೂ ಹಚ್ಚಿಸಬೇಡಿ. ಅಂಟಿಗೆ ಇನ್ನಷ್ಟು ದೂಳು ಹಿಡಿಯುತ್ತದೆ, ನಿಜವಾದ ದೋಷ ಮುಚ್ಚಿಹೋಗುತ್ತದೆ.

ಐಡ್ಲರ್ ಪುಲ್ಲಿಯ ಬೇರಿಂಗ್ ಒತ್ತಿ ತೆಗೆಯಲು ಬಂದರೆ ಅದರ ಮೇಲಿನ ನಂಬರ್ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಿ. ಹಲವು ಗಾಡಿಗಳಲ್ಲಿ 6203 ಇರುತ್ತದೆ: ಒಳಗೆ 17, ಹೊರಗೆ 40, ಅಗಲ 12 ಮಿ.ಮೀ. ಎರಡೂ ಬದಿಗೆ ರಬ್ಬರ್ ಸೀಲ್ ಇರುವುದನ್ನೇ ಕೇಳಿ, ತೆರೆದ ಬೇರಿಂಗ್ ನಮ್ಮ ದೂಳಿಗೆ ತಡೆಯುವುದಿಲ್ಲ. ಪುಲ್ಲಿಯೇ ಸವೆದಿದ್ದರೆ ಪೂರ್ತಿ ಪುಲ್ಲಿ ಕೊಳ್ಳಿ. ವಾಟರ್ ಪಂಪಿನ ಪುಲ್ಲಿ ಅಲ್ಲಾಡಿದರೆ, ಅಥವಾ ಅದರ ಕೆಳಗೆ ಕೂಲೆಂಟ್ ಒಣಗಿದ ಕಲೆ ಕಂಡರೆ ಮುಂದಕ್ಕೆ ಹಾಕಬೇಡಿ. ಆ ಪಂಪನ್ನು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ, ಕವರಿನೊಳಗಿನ ಬೆಲ್ಟ್) ತಿರುಗಿಸುವ ಗಾಡಿಯಾದರೆ ಆ ಕವರ್ ನೀವು ಬಿಚ್ಚದೆ ಗ್ಯಾರೇಜಿಗೇ ಕೊಡಿ.