ಸಬ್ಸಿಡಿ ಇದ್ದರೂ ಮಾತ್ರೆಯ ಬಿಲ್ ಏರುವುದೇಕೆ?

ಪ್ರಶ್ನೆ: ನಾನು ದಿನವೂ ನುಂಗುವ ಮಾತ್ರೆಗೆ ಸರ್ಕಾರದ ಸಬ್ಸಿಡಿ ಇದೆ. ಆದರೂ ಈ ಸಲ ಬಿಲ್ ಹಲವು ಪಟ್ಟು ಏರಿದೆ. ಸಬ್ಸಿಡಿ ಕಡಿತವಾಗಿದೆಯೇ?

ಉತ್ತರ: ಆಗಿರಲೇಬೇಕೆಂದಿಲ್ಲ. ಮೊದಲು ಬ್ರ್ಯಾಂಡ್ ಬದಲಾಗಿದೆಯೇ ನೋಡಿ. ಹಲವು ದೇಶಗಳಲ್ಲಿ ಸಬ್ಸಿಡಿ ಸಿಗುವುದು ಅಂಗಡಿಯ ಬೆಲೆಗಲ್ಲ, ಒಂದು ಗುಂಪಿನ ಔಷಧಿಗಳಿಗೆಲ್ಲ ಸೇರಿ ಗೊತ್ತುಮಾಡಿದ ಆಧಾರ ಬೆಲೆಗೆ. ಜರ್ಮನಿ 1989ರಿಂದ ಈ ಪದ್ಧತಿ ನಡೆಸುತ್ತಿದೆ.

ಆಧಾರ ಬೆಲೆ 600, ಅದರಲ್ಲಿ ರೋಗಿಯ ಪಾಲು ಶೇ 10 ಎಂದಿಟ್ಟುಕೊಳ್ಳಿ. 600ರ ಜೆನೆರಿಕ್ (ಮೂಲ ಬ್ರ್ಯಾಂಡಿನದಲ್ಲದ, ಅದೇ ಔಷಧದ ಮಾತ್ರೆ) ಕೊಂಡರೆ ನಿಮ್ಮ ಕೈಯಿಂದ ಹೋಗುವುದು 60. ಅದೇ ಔಷಧದ 1000 ಬೆಲೆಯ ಬ್ರ್ಯಾಂಡ್ ಕೊಂಡರೆ ಆ 60ರ ಮೇಲೆ 400 ಪೂರ್ತಿ ನಿಮ್ಮ ತಲೆಗೇ, ಒಟ್ಟು 460. ಸರ್ಕಾರ ಎರಡೂ ಸಲ ಕೊಟ್ಟದ್ದು ಅದೇ 540.

ಇನ್ನೊಂದು ಪೆಟ್ಟು ವರ್ಷದ ಕೊನೆಗೆ ಗೊತ್ತಾಗುತ್ತದೆ. ರೋಗಿಯ ಪಾಲಿಗೆ ವಾರ್ಷಿಕ ಮಿತಿ ಇರುವ ಕಡೆ, ಅದು ದಾಟಿದ ಮೇಲೆ ಹೊರೆ ಇಳಿಯುತ್ತದೆ. ಜರ್ಮನಿಯಲ್ಲಿ ಆ ಮಿತಿ ಕುಟುಂಬದ ಆದಾಯದ ಶೇ 2, ದೀರ್ಘಕಾಲದ ಕಾಯಿಲೆಯವರಿಗೆ ಶೇ 1. ಆದರೆ ಬ್ರ್ಯಾಂಡಿಗಾಗಿ ತೆತ್ತ ಹೆಚ್ಚುವರಿ ಹಣ ಅಲ್ಲಿಯೂ, ಆಸ್ಟ್ರೇಲಿಯಾದಲ್ಲಿಯೂ ಈ ಲೆಕ್ಕಕ್ಕೆ ಬರುವುದಿಲ್ಲ. ರಸೀದಿ ಜೋಪಾನವಾಗಿಟ್ಟವರಿಗೂ ಇದು ಅನೇಕ ಸಲ ತಿಳಿದಿರುವುದಿಲ್ಲ.

ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಿನ ಬದಲು ಔಷಧದ ಮೂಲ ಹೆಸರನ್ನೇ ಬರೆಯುವಂತೆ ವೈದ್ಯರನ್ನು ಕೇಳಿ. ಆಧಾರ ಬೆಲೆಯೊಳಗೆ ಸಿಗುವ ಬ್ರ್ಯಾಂಡ್ ಯಾವುದೆಂದು ಫಾರ್ಮಸಿಸ್ಟರನ್ನು ವಿಚಾರಿಸಿ. ಅಪಸ್ಮಾರದ ಮಾತ್ರೆ, ಥೈರಾಯ್ಡ್ ಹಾರ್ಮೋನ್ ಇಂಥವುಗಳ ಬ್ರ್ಯಾಂಡನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಿಸಬೇಡಿ. ರಕ್ತದಲ್ಲಿನ ಪ್ರಮಾಣ ತುಸು ಏರುಪೇರಾದರೂ ಇವುಗಳಲ್ಲಿ ತೊಂದರೆಯಾಗಬಹುದು.

ಪ್ರಶ್ನೆ: ಪ್ರತಿ ಔಷಧಿಗೂ ನಿಗದಿತ ಶುಲ್ಕ ಕಟ್ಟುವ ಪದ್ಧತಿಯಲ್ಲಿ ಉಳಿತಾಯಕ್ಕೆ ದಾರಿ ಇದೆಯೇ?

ಉತ್ತರ: ಇಂಗ್ಲೆಂಡಿನ ಪದ್ಧತಿ ಇದೇ. ವೇಲ್ಸ್ 2007ರಲ್ಲಿ, ಸ್ಕಾಟ್ಲೆಂಡ್ 2011ರಲ್ಲಿ ಶುಲ್ಕವನ್ನೇ ತೆಗೆದವು. ನಿಗದಿತ ಶುಲ್ಕವಿರುವ ಕಡೆ ಬೆಲೆಗಿಂತ ಮುಖ್ಯವಾದದ್ದು ಚೀಟಿಯಲ್ಲಿ ಬರೆದ ಪ್ರಮಾಣ. 30 ದಿನದ ಬದಲು 60 ದಿನದ ಮಾತ್ರೆ ಒಂದೇ ಸಲ ಸಿಕ್ಕರೆ ಎರಡು ಶುಲ್ಕ ಒಂದಾಗುತ್ತದೆ. ಆಸ್ಟ್ರೇಲಿಯಾ 2023ರ ಸೆಪ್ಟೆಂಬರಿನಿಂದ ಕೆಲವು ಔಷಧಿಗಳಿಗೆ ಇದಕ್ಕೆ ಅವಕಾಶ ಕೊಟ್ಟಿದೆ. ಕಾಯಿಲೆ ಹತೋಟಿಯಲ್ಲಿದ್ದು, ಡೋಸ್ ಬದಲಾಗದಿದ್ದರೆ ಮಾತ್ರ ಕೇಳಿ. ನಡುವೆ ಡೋಸ್ ಬದಲಾದರೆ ಉಳಿದದ್ದು ದಂಡ.

ಪ್ರಶ್ನೆ: ಔಷಧಿ ಸರ್ಕಾರದ ಪಟ್ಟಿಯಲ್ಲಿದೆ, ಆದರೂ ಅಂಗಡಿಯಲ್ಲಿ ಪೂರ್ತಿ ಬೆಲೆ ಕೇಳಿದರು. ಸರಿಯೇ?

ಉತ್ತರ: ಸರಿಯಿರಬಹುದು. ಪಟ್ಟಿಯಲ್ಲಿ ಎಷ್ಟೋ ಔಷಧಿಗಳ ಜೊತೆ ಕಾಯಿಲೆಯನ್ನೂ ಹೆಸರಿಸಿರುತ್ತಾರೆ. ಸಕ್ಕರೆ ಕಾಯಿಲೆಗೆಂದು ಪಟ್ಟಿಗೆ ಸೇರಿದ ಸೆಮಾಗ್ಲುಟೈಡನ್ನು ತೂಕ ಇಳಿಸಲು ಬರೆದರೆ ಸಬ್ಸಿಡಿ ಸಿಗದೇ ಹೋಗಬಹುದು. ಮುಂಗಡ ಅನುಮತಿ ಬೇಕಾದ ಔಷಧಿಯಾಗಿದ್ದರೆ, ಕೊಳ್ಳುವ ಮೊದಲೇ ವೈದ್ಯರಿಂದ ಅರ್ಜಿ ಹಾಕಿಸಿ.