ಇಳಿಯುವಾಗಲೇ ಗಾಳಿಯ ಕಾಟ ಯಾಕೆ?

ಪ್ರಶ್ನೆ: ಮಗಳು ಪೈಲಟ್ ತರಬೇತಿಗೆ ಸೇರಿದ್ದಾಳೆ. ತರಬೇತಿ ವಿಮಾನ ಇಳಿಯುವಾಗ ಗಾಳಿಗೆ ಸಿಕ್ಕಿ ರನ್‌ವೇಯಿಂದ ಆಚೆ ಹೋಯಿತು, ಮಗುಚಿತು ಅಂತ ಪೇಪರಿನಲ್ಲಿ ಓದಿದರೆ ಎದೆ ಝಲ್ ಅನ್ನುತ್ತದೆ. ಹಾರುವಾಗ ಇಲ್ಲದ ತೊಂದರೆ ಇಳಿಯುವಾಗ ಯಾಕೆ? ಬಜ್ಪೆಯ (ಮಂಗಳೂರು ವಿಮಾನ ನಿಲ್ದಾಣದ) ದುರಂತಕ್ಕೂ ಗಾಳಿಯೇ ಕಾರಣವಾ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ನಿಮ್ಮ ಹೆದರಿಕೆ ಅರ್ಥವಾಗುತ್ತದೆ ಅಕ್ಕ. ಮೇಲಿರುವಾಗ ಗಾಳಿ ಪಕ್ಕಕ್ಕೆ ತಳ್ಳಿದರೆ ಮೂಗನ್ನು ಸ್ವಲ್ಪ ಗಾಳಿಯ ಕಡೆಗೆ ತಿರುಗಿಸಿ ಹೋದರಾಯಿತು, ಸರಿ ಮಾಡಿಕೊಳ್ಳಲು ಜಾಗವೂ ಇದೆ ಸಮಯವೂ ಇದೆ. ನೆಲ ಮುಟ್ಟುವ ಹೊತ್ತಿಗೆ ಮಾತ್ರ ಚಕ್ರ ರನ್‌ವೇಯ ನೇರಕ್ಕೇ ಇರಬೇಕು. ಓರೆಯಾಗಿ ಇಳಿದರೆ ಚಕ್ರಗಳ ಮೇಲೆ ಅಡ್ಡಕ್ಕೆ ಭಾರ ಬಿದ್ದು ವಿಮಾನ ಪಕ್ಕಕ್ಕೆ ಎಳೆಯುತ್ತದೆ. ಚಂದ್ರಗಿರಿ ಸೇತುವೆ ಮೇಲೆ ಸ್ಕೂಟರಿನಲ್ಲಿ ಹೋಗುವಾಗ ಕಡಲ ಕಡೆಯಿಂದ ಒಮ್ಮೆಲೇ ಗಾಳಿ ಹೊಡೆಯುತ್ತದಲ್ಲ, ಹಾಗೆ.

ತರಬೇತಿಯಲ್ಲಿ ಜಾಸ್ತಿ ಬಳಸುವ ಸೆಸ್ನಾ 172 ಪೂರ್ತಿ ಭಾರ ತುಂಬಿದಾಗ ಸುಮಾರು 1,100 ಕಿಲೋ ತೂಗುತ್ತದೆ, ಇಳಿಯಲು ಬರುವಾಗ ಅದರ ವೇಗ ಗಂಟೆಗೆ 120 ಕಿ.ಮೀ. ಆಸುಪಾಸು. ಪರೀಕ್ಷೆಯಲ್ಲಿ ಅದನ್ನು ಇಳಿಸಿ ತೋರಿಸಿದ್ದು ಅಂತ ಕೈಪಿಡಿ ಕೊಡುವ ಅಡ್ಡಗಾಳಿ (ಪಕ್ಕದಿಂದ ಬೀಸುವ ಗಾಳಿ) 15 ನಾಟ್, ಅಂದರೆ ಗಂಟೆಗೆ 28 ಕಿ.ಮೀ. ವಿಮಾನದ ವೇಗದ ಹತ್ತಿರ ಹತ್ತಿರ ಕಾಲು ಭಾಗ! ಬೋಯಿಂಗ್ 737 ಸುಮಾರು 260 ಕಿ.ಮೀ. ವೇಗದಲ್ಲಿ ಬರುವುದರಿಂದ ಅದೇ ಗಾಳಿ ಅದಕ್ಕೆ ಅಷ್ಟು ದೊಡ್ಡದಲ್ಲ.

ಗಾಳಿಯ ಜೋರಿಗಿಂತ ದಿಕ್ಕು ನೋಡಬೇಕು. ಬಜ್ಪೆಯ 24 ಅನ್ನುವ ಸಂಖ್ಯೆಯ ರನ್‌ವೇ ಉತ್ತರದಿಂದ ಅಳೆದರೆ 240 ಡಿಗ್ರಿ ದಿಕ್ಕಿಗಿದೆ, ನೇರ ಪಶ್ಚಿಮ ಅಂದರೆ 270 ಡಿಗ್ರಿ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಏಳುವ ಕಡಲ ಗಾಳಿ ನೇರ ಪಶ್ಚಿಮದಿಂದ 20 ನಾಟ್ ಬೀಸಿದರೆ ಅಲ್ಲಿ 30 ಡಿಗ್ರಿ ಓರೆ ಆಗುತ್ತದೆ, ಅಡ್ಡಕ್ಕೆ ತಳ್ಳುವುದು ಅದರ ಅರ್ಧ, 10 ನಾಟ್ ಮಾತ್ರ. ಹೆಚ್ಚಿನ ಪಾಲು ಎದುರಿನಿಂದ ಬರುತ್ತದೆ, ಎದುರುಗಾಳಿ ಇಳಿಯಲು ಒಳ್ಳೆಯದೇ. ಹಿಂಗಾಳಿ ಕೆಟ್ಟದ್ದು, ಪ್ರತಿ 2 ನಾಟ್‌ಗೆ ಇಳಿಯಲು ಬೇಕಾದ ದೂರ 10% ಹೆಚ್ಚುತ್ತದೆ ಅಂತ ಸೆಸ್ನಾ ಕೈಪಿಡಿಯೇ ಹೇಳುತ್ತದೆ.

ಹೊಸಬರಿಗೆ ಕಷ್ಟ ಕೊಡುವುದು ಬಿಟ್ಟು ಬಿಟ್ಟು ಹೊಡೆಯುವ ಗಾಳಿ. ನೆಲದ ಹತ್ತಿರ ಬಂದಾಗ ಒಮ್ಮೆಲೇ ಜೋರಾಗಿ ಬೀಸಿದರೆ ವಿಮಾನ ಮೇಲಕ್ಕೆ ಎದ್ದುಬಿಡುತ್ತದೆ, ಗಾಬರಿಯಿಂದ ಮೂಗು ಕೆಳಗೆ ಒತ್ತಿದರೆ ಮುಂದಿನ ಚಕ್ರವೇ ಮೊದಲು ಬಡಿದು ಪುಟಿಯುತ್ತದೆ, ಪ್ರೊಪೆಲ್ಲರ್ ಕೂಡ ನೆಲಕ್ಕೆ ತಾಗಬಹುದು. ಇನ್ನು ಚಕ್ರ ತಾಗಿತು ಅಂತ ಕೈ ಸಡಿಲ ಬಿಡಬಾರದು. ವೇಗ ಇಳಿದಂತೆ ಚುಕ್ಕಾಣಿಯ ಹಿಡಿತ ಕಡಿಮೆಯಾಗುತ್ತದೆ, ಗಾಳಿಯ ಕಡೆಯ ರೆಕ್ಕೆ ಮೇಲೇಳುತ್ತದೆ. ವಿಮಾನ ನಿಲ್ಲುವವರೆಗೂ ಗಾಳಿಯ ಜೊತೆ ಕೆಲಸ ಇದ್ದೇ ಇದೆ.

ಇದಕ್ಕೆಲ್ಲ ದಾರಿ ಒಂದಿದೆ: ಸರಿ ಕಾಣದಿದ್ದರೆ ಪೂರ್ತಿ ಶಕ್ತಿ ಕೊಟ್ಟು ಮೇಲೇರಿ ಇನ್ನೊಂದು ಸುತ್ತು ಬರುವುದು. ಗೋ-ಅರೌಂಡ್ ಅನ್ನುತ್ತಾರೆ. ಮಗಳು ಫೋನಿನಲ್ಲಿ ಇವತ್ತು ಗೋ-ಅರೌಂಡ್ ಮಾಡಿದೆ ಅಂದರೆ ದಯವಿಟ್ಟು ಗಾಬರಿಯಾಗಬೇಡಿ, ಶಹಬ್ಬಾಸ್ ಅನ್ನಿ.

ಬಜ್ಪೆಯಲ್ಲಿ 2010ರ ಮೇ 22ರಂದು 158 ಜನ ಹೋದರು. ಅದು ಗಾಳಿಯಿಂದಲ್ಲ. ವಿಮಾನ ತೀರಾ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಬಂದಿತ್ತು. ಗೋ-ಅರೌಂಡ್ ಮಾಡೋಣ ಅಂತ ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸಿದರು ಎಂದು ತನಿಖೆ ಹೇಳಿತು. 2020ರ ಆಗಸ್ಟ್ 7ರಂದು ಕರಿಪ್ಪೂರಿನಲ್ಲಿ (ಕೋಝಿಕ್ಕೋಡ್ ವಿಮಾನ ನಿಲ್ದಾಣದಲ್ಲಿ) ಆದ ದುರಂತದ ಹೊತ್ತಿಗೆ ಮಳೆಯ ಜೊತೆ ಹಿಂಗಾಳಿಯೂ ಇತ್ತು. ವಿಮಾನ ರನ್‌ವೇಯ ಅರ್ಧದ ಹತ್ತಿರ ಹೋಗಿ ನೆಲ ಮುಟ್ಟಿತು. ಎರಡರಲ್ಲೂ ಆ ಒಂದು ಸುತ್ತು ಸುತ್ತಿದ್ದರೆ ಅಷ್ಟು ಜೀವ ಉಳಿಯುತ್ತಿತ್ತು ಅಂತ ಇವತ್ತಿಗೂ ಸಂಕಟ ಆಗುತ್ತದೆ.

ನೀವು ಮಗಳ ಹತ್ತಿರ ಒಂದು ವಿಷಯ ಕೇಳಿ. ಒಂಟಿಯಾಗಿ ಹಾರುವ ವಿದ್ಯಾರ್ಥಿಗೆ ಅಡ್ಡಗಾಳಿ ಎಷ್ಟರವರೆಗೆ ಅಂತ ತರಬೇತಿ ಶಾಲೆಗಳು ಮಿತಿ ಇಟ್ಟಿರುತ್ತವೆ, ಅದು ಕೈಪಿಡಿಯ 15ಕ್ಕಿಂತ ಕಡಿಮೆಯೇ ಇರಬೇಕು. ಅವಳ ಶಾಲೆಯಲ್ಲಿ ಎಷ್ಟು, ಅದಕ್ಕಿಂತ ಗಾಳಿ ಜಾಸ್ತಿಯಿದ್ದ ದಿನ ಹಾರಾಟ ನಿಲ್ಲಿಸುತ್ತಾರಾ ಅಂತ ಕೇಳಿ ತಿಳಿದುಕೊಳ್ಳಿ.